ಇಟ್ಟಿಗೆ ದಾರಿ ಕುಸಿದಿದೆ, ಮೇಲೆ ಸಿಮೆಂಟ್ ಹಾಕಿಸ್ಲಾ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷ್ಯ. ಗೇಟಿಂದ ಬಾಗಿಲವರೆಗೆ ಹಾಕಿಸಿದ್ದೋ, ಹಿತ್ತಲಿಗೆ ಹೋಗೋಕೆ ಹಾಕಿಸಿದ್ದೋ, ಇಟ್ಟಿಗೆ ದಾರಿ ಮಳೆಗಾಲ ಮುಗಿಯೋ ಹೊತ್ತಿಗೆ ಏರುಪೇರಾಗಿ ಕೂತಿದೆ. ಹಂಗಾಗಿ ನಲ್ಲಿ ಸೋರೋದು, ಬಾಗಿಲು ಉಬ್ಬೋದು ಎಲ್ಲಾನೂ ಮುಂದಿನ ತಿಂಗಳಿಗೆ ಇಟ್ಟು ಈ ಸಲ ಬರೀ ಇದನ್ನೇ ತಗೊಂಡಿದೀನಿ. ಹೆಸರು ಹಾಕಬೇಡಿ ಅಂತ ಬಹಳ ಜನ ಬರೆದಿದ್ರು, ಅದಕ್ಕೆ ಊರಷ್ಟೇ ಹಾಕಿದೀನಿ.

ಪ್ರಶ್ನೆ (ದಾವಣಗೆರೆ): ಸರ್, ನಮ್ಮನೆ ಊರ ಹೊರಗಿನ ಲೇಔಟಲ್ಲಿ ಐತೆ, ಮೊದ್ಲು ಹೊಲ ಇದ್ದ ಜಾಗ, ಪಕ್ಕಾ ಎರೆ ಮಣ್ಣು. ಗೇಟಿಂದ ವರಾಂಡದ ತನಕ 40 ಅಡಿ ಉದ್ದ 3 ಅಡಿ ಅಗಲ ಇಟ್ಟಿಗೆ ಹಾಸಿ 7 ವರ್ಷ ಆಯ್ತು. ಈಗ ತುಳಸಿ ಕಟ್ಟೆ ಹತ್ರ ಒಂದ್ 12 ಅಡಿ ಜಾಗ ಮಧ್ಯಕ್ಕೆ 2 ಇಂಚು ಇಳಿದುಬಿಟ್ಟೈತೆ, ಒಂದು ಸೈಡು ಎದ್ದೈತೆ, ಮಳೆ ಬಂದ್ರೆ ಅಲ್ಲೇ ನೀರು ನಿಲ್ತದೆ. ಮೊನ್ನೆ ನಮ್ಮತ್ತೆ ಪೂಜೆಗೆ ಹೋಗೋವಾಗ ಜಾರಿ ಬಿದ್ದು ಮಂಡಿ ಊದಿಸ್ಕೊಂಡ್ರು. ಗೌಂಡಿ ಬಂದು ನೋಡಿ "ಅಕ್ಕಾರೆ, ಇದ್ರ ಮೇಲೇ 3 ಇಂಚು ಕಾಂಕ್ರೀಟ್ ಎಳೆದುಬಿಡ್ತೀನಿ, ಒಂದೇ ದಿನದ ಕೆಲಸ" ಅಂತಾನೆ. ನಮ್ಮನೆಯವ್ರೂ ಹೂಂ ಅಂದುಬಿಟ್ಟಿದಾರೆ. ಮಾಡಿಸ್ಲಾ?

ಉತ್ತರ: ಬೇಡ್ರಮ್ಮ. ಆ ಗೌಂಡಿಗೆ ಇನ್ನೊಂದು ವಾರ ಬಿಟ್ಟು ಬಾ ಅಂತ ಹೇಳಿ, ನಿಮ್ಮ ಮನೆಯವರಿಗೆ ಇದನ್ನ ಓದೋಕೆ ಕೊಡ್ರಿ.

ಎರೆ ಮಣ್ಣಿನ ಗುಣ ನಿಮಗೇ ಗೊತ್ತಿರ್ತದೆ. ಬೇಸಿಗೆಲಿ ಹೊಲದಾಗೆ ಕೈ ತೂರೋಷ್ಟು ಬಿರುಕು ಬಿಡ್ತದೆ, ಅದೇ ಬಿರುಕು ನಾಲ್ಕು ಮಳೆ ಬಿದ್ದರೆ ಹೇಳಹೆಸರಿಲ್ದಂಗೆ ಮುಚ್ಕೊಂಡು ನೆಲ ಉಬ್ತದೆ. ಆ ಮಣ್ಣಲ್ಲಿರೋ ಜೇಡಿ, ಮಾಂಟ್‌ಮೊರಿಲೊನೈಟ್ ಅಂತಾರೆ, ಅದು ನೀರು ಕುಡಿದು ಊದ್ಕೊಳ್ಳೋ ಜಾತಿ. ವರ್ಷಕ್ಕೊಂದ್ಸಲ ಉಸಿರು ಎಳೆದು ಬಿಡೋ ನೆಲದ ಮೇಲೆ 3 ಇಂಚಿನ ಕಾಂಕ್ರೀಟ್ ಹಲಗೆ ಇಟ್ರೆ ಅದು ಎಷ್ಟು ದಿನ ತಡ್ಕೊಂಡೀತು? ಇಟ್ಟಿಗೆ ಆದ್ರೆ ಬಿಡಿಬಿಡಿ ಇರ್ತವೆ, ನೆಲ ಅಲ್ಲಾಡಿದ್ರೆ ಅವೂ ಅಲ್ಲಾಡ್ತವೆ, ಎತ್ತಿ ಮತ್ತೆ ಕೂರಿಸಬಹುದು. ಕಾಂಕ್ರೀಟ್ ಹಂಗಲ್ಲ, ಒಡೆದ್ರೆ ಒಡೀತು.

ಇದನ್ನ ಪುಸ್ತಕ ನೋಡಿ ಹೇಳ್ತಿಲ್ಲ, ನಾನೇ ಮಾಡಿ ಕೆಟ್ಟಿದೀನಿ. ನಮ್ಮ ಹಿತ್ತಲ ದಾರಿ ಕುಸಿದಾಗ ಆಗಿದ್ದಾಗ್ಲಿ ಅಂತ ಮೇಲೇ 2 ಇಂಚು ಕಾಂಕ್ರೀಟ್ ಸುರಿಸಿದೆ, ಮೊದಲ ಬೇಸಿಗೆಗೆ ನಡುವೆ ಉದ್ದಕ್ಕೂ ಗೆರೆ ಬಿತ್ತು, ಎರಡನೇ ಮಳೆಗಾಲಕ್ಕೆ ಒಂದು ಭಾಗ ಎದ್ದು ಇನ್ನೊಂದು ಕೂತು ಕತ್ತಲಲ್ಲಿ ಎಡವೋ ಹೊಸ ಮೆಟ್ಟಿಲೇ ತಯಾರಾಯ್ತು. ಅದನ್ನ ಒಡೆಸೋಕೆ ಇಬ್ಬರು ಆಳು, ಸುತ್ತಿಗೆ, ಚಾಣ, ಒಂದೂವರೆ ದಿನ. ಕೆಳಗಿದ್ದ ಒಳ್ಳೇ ಇಟ್ಟಿಗೆನೂ ಸಿಮೆಂಟ್ ಕಚ್ಕೊಂಡು ಅದರ ಜೊತೆನೇ ಚೂರಾದ್ವು. ನಮ್ಮಪ್ಪ ಇದ್ದಿದ್ರೆ ಬೈದಿರೋರು, ಅವ್ರು ಗೌಂಡಿ ಕೆಲಸ ಮಾಡ್ತಿದ್ದೋರೇ.

ಸರಿ, ಕೆಲಸಕ್ಕೆ ಬರೋಣ. ಮೊದ್ಲು ಒಂದು ಅನುಮಾನ ಕಳ್ಕೋಬೇಕು. ಬರೀ 12 ಅಡಿ ಮಾತ್ರ ಕುಸಿದು ಉಳಿದ 28 ಅಡಿ ಚೆನ್ನಾಗಿದೆ ಅಂದ್ರೆ ಆ ಜಾಗದಲ್ಲೇ ಏನೋ ಇದೆ ಅಂತ ಅರ್ಥ. ದಾರಿ ಅಡಿ ನೀರಿನ ಪೈಪ್ ಹೋಗಿದ್ಯಾ? ರಾತ್ರಿ ಮಲಗೋ ಮುಂಚೆ ಎಲ್ಲಾ ನಲ್ಲಿ ಬಂದ್ ಮಾಡಿ ಮೇಲಿನ ಟ್ಯಾಂಕಲ್ಲಿ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ, ಬೆಳಿಗ್ಗೆ ಎದ್ದು ನೋಡ್ರಿ, ಇಳಿದಿದ್ರೆ ಎಲ್ಲೋ ಸೋರ್ತಿದೆ. ಸಂಪ್ ತುಂಬೋ ಪೈಪ್ ಆ ದಾರಿಲಿ ಬಂದಿದ್ರೆ ನೀರು ಬಿಟ್ಟ ದಿನ ಅಲ್ಲಿ ನೆಲ ಹಸಿಯಾಗ್ತದಾ ಅಂತ ಗಮನಿಸ್ರಿ. ಇಲ್ಲಾಂದ್ರೆ ಹೆಗ್ಗಣ. ಹೆಗ್ಗಣ ತೋಡಿದ್ರೆ ಪಕ್ಕದಲ್ಲೆಲ್ಲೋ ಮಣ್ಣಿನ ಗುಡ್ಡೆ ಇದ್ದೇ ಇರ್ತದೆ. ಇನ್ನೊಂದು, ತುಳಸಿಗೆ ದಿನಾ ಹಾಕೋ ನೀರು ಕಟ್ಟೆಯಿಂದ ಇಳಿದು ಸೀದಾ ದಾರಿಗೇ ಬರ್ತಿರಬಹುದು. ದಿನಕ್ಕೊಂದು ಚೊಂಬು ಅಂದ್ಕೊಂಡ್ರೂ 7 ವರ್ಷದ ಲೆಕ್ಕ ಹಾಕಿ ನೋಡ್ರಿ!

ಆಮೇಲೆ ಇಟ್ಟಿಗೆ ಎತ್ತೋದು. ಎತ್ತೋ ಮುಂಚೆ ಮೊಬೈಲಲ್ಲಿ ಮೇಲಿಂದ ನಾಲ್ಕು ಫೋಟೋ ತೆಗೀರಿ, ಸೀಮೆಸುಣ್ಣದಲ್ಲಿ ಸಾಲಿಗೆ ನಂಬರ್ ಹಾಕ್ರಿ. 7 ವರ್ಷ ಅಕ್ಕಪಕ್ಕ ಕೂತು ಒಂದಕ್ಕೊಂದು ಹೊಂದಿಕೊಂಡಿರ್ತವೆ, ಸಾಲು ಬದಲಾದ್ರೆ ಸಂದು ಹೆಚ್ಚುಕಡಿಮೆ ಆಗ್ತದೆ. ಮೊದಲನೇ ಇಟ್ಟಿಗೆ ಬರೋದೇ ಕಷ್ಟ. ಎರಡು ಚಪ್ಪಟೆ ಸ್ಕ್ರೂಡ್ರೈವರ್ ಎರಡು ತುದಿಗೆ ಸಿಕ್ಕಿಸಿ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಎತ್ರಿ, ಬರ್ಲಿಲ್ವಾ, ಹೆಂಗೂ ಒಡೆದಿರೋದು ಒಂದು ಹುಡುಕಿ ಅದನ್ನ ಪುಡಿ ಮಾಡಿ ತೆಗೀರಿ, ಆಮೇಲೆ ಉಳಿದವು ಕೈಯಲ್ಲೇ ಬರ್ತವೆ. ಹಾರೆ ಹಾಕಿ ಮೀಟಬೇಡ್ರಿ, ಅಂಚೆಲ್ಲಾ ಹಾರಿಹೋಗ್ತದೆ. ಕುಸಿದ 12 ಅಡಿ ಜೊತೆಗೆ ಆ ಕಡೆ ಒಂದು ಅಡಿ ಈ ಕಡೆ ಒಂದು ಅಡಿ ಚೆನ್ನಾಗಿರೋದನ್ನೂ ಎತ್ತಬೇಕು, ಅಲ್ಲಿಗೆ 14 ಅಡಿ ಆಯ್ತು. ಹೊಸ ತಳ ಹಳೇ ತಳಕ್ಕೆ ಸೇರೋ ಜಾಗ ಸರಿಯಾಗಿ ಮಾಡ್ಲಿಲ್ಲ ಅಂದ್ರೆ ಬರೋ ವರ್ಷ ಅಲ್ಲೇ ಮೆಟ್ಟಿಲು ಬೀಳ್ತದೆ.

ಈಗ ಕೆಳಗೆ ಏನು ಕಾಣ್ತದೆ ನೋಡ್ರಿ. ನನಗನ್ಸೋ ಪ್ರಕಾರ ನಿಮಗೆ ಒಂದಿಂಚು ಮರಳು, ಅದರ ಕೆಳಗೆ ಡೈರೆಕ್ಟಾಗಿ ಎರೆ ಮಣ್ಣು, ಅಷ್ಟೇ ಸಿಗೋದು. ಹೊಲದ ಮೇಲೆ ಚಾಪೆ ಹಾಸಿದಂಗೆ ಇಟ್ಟಿಗೆ ಹಾಸಿ ದುಡ್ಡು ಎಣಿಸ್ಕೊಂಡು ಹೋಗಿರ್ತಾರೆ. ಆ ಎರೆ ಮಣ್ಣನ್ನ ತೆಗೆದು ಗರಸು, ಅಂದ್ರೆ ಕಲ್ಲುಹರಳಿನ ಮಣ್ಣು, ತುಂಬೋದೇ ರಿಪೇರಿ, ಉಳಿದಿದ್ದೆಲ್ಲಾ ಅದರ ಮೇಲಿನ ಒಪ್ಪ ಓರಣ. ನೀರಾವರಿ ಕಾಲುವೆನ ಎರೆ ನೆಲದಲ್ಲಿ ತೋಡೋವಾಗ ಇಂಜಿನಿಯರ್‌ಗಳು ಲೈನಿಂಗ್ ಕೆಳಗೆ ಉಬ್ಬದೇ ಇರೋ ಮಣ್ಣಿನ ಒಂದು ಪದರ ಹಾಕಿಸ್ತಾರೆ, ಸಿಎನ್‌ಎಸ್ ಅಂತ ಕರೀತಾರೆ. ನಾವು ಮಾಡ್ತಿರೋದೂ ಅದನ್ನೇ, ತುಳಸಿ ಕಟ್ಟೆ ಅಳತೆಗೆ.

ಎಷ್ಟು ಆಳ? ಇಟ್ಟಿಗೆ ದಪ್ಪ 3 ಇಂಚು, ಮರಳು 1 ಇಂಚು, ಗರಸು 6 ಇಂಚು, ಒಟ್ಟು ದಾರಿಯ ಮೇಲ್ಮಟ್ಟದಿಂದ 10 ಇಂಚು ಕೆಳಗೆ. ಅಗಲದಲ್ಲಿ ದಾರಿಗಿಂತ ಎರಡೂ ಕಡೆ 6 ಇಂಚು ಜಾಸ್ತಿ ತೋಡ್ರಿ, ಅಂದ್ರೆ 4 ಅಡಿ. ಹಾಗಾಗಿ 14 ಅಡಿ, 4 ಅಡಿ, ಅರ್ಧ ಅಡಿ, 28 ಸಿಎಫ್‌ಟಿ (ಘನ ಅಡಿ) ಗರಸು ಬೇಕು, ದಿಮ್ಮಸು ಹೊಡೆದ ಮೇಲೆ ಕೆಳಗಿಳಿತದಲ್ಲ, ಅದಕ್ಕೆ ಕಾಲು ಭಾಗ ಸೇರಿಸಿ 35 ಸಿಎಫ್‌ಟಿ ತರಿಸ್ರಿ. ಮರಳು ಹಾಸೋಕೆ ಮೂರೂವರೆ, ಸಂದಿಗೂ ಸೇರಿ 5 ಸಿಎಫ್‌ಟಿ ಸಾಕು. ಇಟ್ಟಿಗೆ ಅಷ್ಟು ಜಾಗಕ್ಕೆ ಸುಮಾರು 150 ಹಿಡೀತವೆ, ಅದರಲ್ಲಿ ನಿಮ್ಮವೇ ಬಹುಪಾಲು ವಾಪಸ್ ಬರ್ತವೆ, ಹೊಸದು ಒಂದು 25 ತಂದಿಟ್ಕೊಂಡ್ರೆ ಸಾಕು. ರೇಟ್ ಯಾರ್ಡಿಂದ ಯಾರ್ಡಿಗೆ ಬೇರೆ, ಅದನ್ನ ನನ್ನ ಕೇಳಬೇಡ್ರಿ, ಈ ಲೆಕ್ಕ ಹಿಡ್ಕೊಂಡು ನಾಲ್ಕು ಕಡೆ ಕೇಳ್ರಿ.

ಯಾವಾಗ ಮಾಡಿಸ್ಬೇಕು ಅನ್ನೋದು ಎರೆ ನೆಲದಲ್ಲಿ ದೊಡ್ಡ ಮಾತು. ಮಳೆ ಹಿಡಿದಾಗ ತೋಡೋಕೆ ಹೋದ್ರೆ ಸಲಿಕೆಗೆ ಅಂಟಿದ ಮಣ್ಣು ಕೆಳಗೆ ಬೀಳಲ್ಲ, ಆಳಿನ ಚಪ್ಪಲಿ ಅಲ್ಲೇ ಉಳೀತದೆ. ಏಪ್ರಿಲ್ ಮೇ ತಿಂಗಳಲ್ಲಿ ತೋಡಿದ್ರೆ ಇನ್ನೊಂದು ಕಷ್ಟ, ಪೂರ್ತಿ ಒಣಗಿ ಬಿರುಕು ಬಿಟ್ಟ ನೆಲದ ಮೇಲೆ ಮಟ್ಟ ಮಾಡಿ ಇಟ್ಟಿಗೆ ಕೂರಿಸ್ತೀರಿ, ಜೂನಲ್ಲಿ ಅದು ಉಬ್ಬಿ ಎಲ್ಲಾ ಎತ್ತಿಬಿಡ್ತದೆ. ದೀಪಾವಳಿ ಆದಮೇಲೆ ಸಂಕ್ರಾಂತಿ ಒಳಗೆ, ನೆಲದಲ್ಲಿ ಇನ್ನೂ ತಂಪು ಇರೋವಾಗ, ಅದು ಸರಿಯಾದ ಟೈಮ್.

ತೋಡಿದ ಗುಂಡಿಗೆ ಸಿಕ್ಕಿದ್ರೆ ಜಿಯೋ ಟೆಕ್ಸ್‌ಟೈಲ್ ಬಟ್ಟೆ ಹಾಸ್ರಿ, ಕೆಳಗಿನ ಎರೆ ಕೆಸರು ಗರಸಿನ ಒಳಗೆ ಏರ್ಕೊಂಡು ಬರೋದು ತಪ್ತದೆ. ಸಿಗ್ಲಿಲ್ಲ ಅಂದ್ರೆ ಒಳಗೆ ಪ್ಲಾಸ್ಟಿಕ್ ಹಾಳೆ ಇಲ್ದಿರೋ ಹೆಣೆದ ಚೀಲ ಬಿಚ್ಚಿ ಹಾಸೋರಿದಾರೆ, ನಡೀತದೆ. ಗರಸನ್ನ ಒಂದೇ ಸಲಕ್ಕೆ 6 ಇಂಚು ಸುರಿದು ಮೇಲೆ ಕುಟ್ಟಿದ್ರೆ ಮೇಲಿನ 2 ಇಂಚು ಮಾತ್ರ ಗಟ್ಟಿ, ಕೆಳಗೆಲ್ಲಾ ಪೊಳ್ಳು. ಮೂರು ಮೂರು ಇಂಚಿನ ಹಾಗೆ ಎರಡು ಸಲ ಹಾಕಿ, ನೀರು ಚಿಮುಕಿಸಿ, ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು ಕೈಗೆ ನೀರು ಒಸರಬಾರದು ಅಷ್ಟು ಹಸಿ ಸಾಕು, ಆಮೇಲೆ ದಿಮ್ಮಸು. ಶುರುವಲ್ಲಿ ದಪ್ ದಪ್ ಅಂತಿರ್ತದೆ, ಗಟ್ಟಿಯಾದ ಮೇಲೆ ದಿಮ್ಮಸು ಕೈಗೇ ವಾಪಸ್ ಒದೀತದೆ, ಅಲ್ಲಿವರೆಗೆ ಬಿಡಬೇಡ್ರಿ. ಮಧ್ಯಾಹ್ನ ನೀವು ಊಟಕ್ಕೆ ಒಳಗೆ ಹೋದಾಗಲೇ ಈ ಕೆಲಸ ಬೇಗ ಮುಗೀತದೆ, ಅದಕ್ಕೇ ಹೇಳ್ತಿರೋದು, ಆವತ್ತು ಒಂದು ದಿನ ಅಲ್ಲೇ ಕುರ್ಚಿ ಹಾಕ್ಕೊಂಡು ಮಂಡಕ್ಕಿ ತಿನ್ತಾ ಕೂತ್ಕೊಳ್ರಿ.

ಗರಸಿನ ಮಟ್ಟದಲ್ಲೇ ಇಳಿಜಾರು ಬರಬೇಕು, ಆಮೇಲೆ ಮರಳಲ್ಲಿ ಸರಿ ಮಾಡ್ತೀನಿ ಅನ್ನೋ ಮಾತು ಕೇಳಬೇಡ್ರಿ. 50ಕ್ಕೆ 1 ಅಂತ ಲೆಕ್ಕ, ನಿಮ್ಮ 3 ಅಡಿ ಅಗಲಕ್ಕೆ ಮುಕ್ಕಾಲು ಇಂಚು, ಗೋಡೆ ಕಡೆ ಎತ್ತರ, ಗಿಡದ ಕಡೆ ತಗ್ಗು. ಗಿಡದ ಪಾತಿ ಮಣ್ಣು ದಾರಿಗಿಂತ ಒಂದಿಂಚಾದ್ರೂ ಕೆಳಗಿರಬೇಕು. ಬಹಳ ಮನೆಗಳಲ್ಲಿ ವರ್ಷ ವರ್ಷ ಗೊಬ್ಬರ ಹಾಕಿ ಹಾಕಿ ಪಾತಿಯೇ ದಾರಿಗಿಂತ ಎತ್ತರ ಆಗಿರ್ತದೆ, ಆಗ ದಾರಿಯೇ ಕಾಲುವೆ.

ಅಂಚು. ಇಟ್ಟಿಗೆ ದಾರಿ ಸಾಯೋದು ಅಂಚಿಂದ. ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಏನೂ ಇಲ್ಲ ಅಂದ್ರೆ ಇಟ್ಟಿಗೆ ಹೊರಗೆ ಸರೀತವೆ, ಸಂದು ಅಗಲ ಆಗ್ತದೆ, ಮರಳು ಇಳೀತದೆ, ಮುಗೀತು. ಎರಡೂ ಕಡೆ ಒಂದೊಂದು ಸಾಲು ಇಟ್ಟಿಗೆ ನಿಲ್ಲಿಸಿ ಅದಕ್ಕೆ ಹೊರಗಡೆಯಿಂದ ಕಾಂಕ್ರೀಟ್ ಒತ್ತು ಕೊಡಿಸ್ರಿ, ಸಿಮೆಂಟ್, ಮರಳು, ಜಲ್ಲಿ 1:2:4, ಒಂದು ವಾರ ನೀರುಣಿಸ್ರಿ. ಗೌಂಡಿಯ ಸಿಮೆಂಟ್ ಆಸೆ ಇಲ್ಲಿ ತೀರಿಸ್ಕೊಳ್ಲಿ, ಆದ್ರೆ ಅದೂ ಗರಸಿನ ಮೇಲೇ ಕೂರಬೇಕು, ನಾಲ್ಕೈದು ಅಡಿಗೊಂದು ಸಂದು ಬಿಡಿಸ್ರಿ, ಇಲ್ಲಾಂದ್ರೆ ಅದೇ ತನಗೆ ಬೇಕಾದಲ್ಲಿ ಬಿಟ್ಕೊಳ್ತದೆ.

ಮರಳು ಮಟ್ಟ ಮಾಡೋಕೆ ಒಂದು ಸುಲಭದ ದಾರಿ. ಮುಕ್ಕಾಲು ಇಂಚಿನ ಜಿಐ ಪೈಪ್ ಅಂತ ಅಂಗಡಿಯಲ್ಲಿ ಕೊಡೋದರ ಹೊರಗಿನ ದಪ್ಪ ಹತ್ತತ್ರ ಒಂದಿಂಚು ಇರ್ತದೆ. ಅಂಥ ಎರಡು ತುಂಡನ್ನ ಗರಸಿನ ಮೇಲೆ ಉದ್ದಕ್ಕೆ ಇಟ್ಟು, ಮಧ್ಯೆ ಮರಳು ಸುರಿದು, ನೇರ ಇರೋ ಮರದ ಪಟ್ಟಿಯನ್ನ ಎರಡೂ ಪೈಪಿನ ಮೇಲೆ ಎಳೆದ್ರೆ ಸರಿಯಾಗಿ ಒಂದಿಂಚಿನ ಹಾಸು ಸಿಗ್ತದೆ. ಪೈಪ್ ತೆಗೆದು ಆ ಗುರುತಿಗೆ ಮರಳು ತುಂಬ್ರಿ, ಅದರ ಮೇಲೆ ಯಾರೂ ಕಾಲಿಡಬಾರ್ದು, ಮನೆ ಬೆಕ್ಕಿಗೂ ಹೇಳ್ರಿ. ಇಟ್ಟಿಗೆಗಳನ್ನ ನಂಬರ್ ಪ್ರಕಾರ ಇಡ್ತಾ ಬರ್ರಿ, ಹಳೇ ಮಟ್ಟಕ್ಕಿಂತ ಕಾಲು ಇಂಚು ಎದ್ದಂಗೆ ಕಾಣಬೇಕು, ಮೇಲೆ ಮರದ ತುಂಡಿಟ್ಟು ಸುತ್ತಿಗೆಲಿ ತಟ್ಟಿದ್ರೆ ಸರಿಯಾಗಿ ಇಳಿದು ಕೂರ್ತದೆ. ದಾರ ಕಟ್ಟಿ ರಸಮಟ್ಟ ಇಟ್ಟು ನೋಡ್ತಿರ್ರಿ. ಕೊನೆಗೆ ಸಣ್ಣ ಜರಡಿ ಹಿಡಿದ ಒಣ ಮರಳು ಮೇಲೆ ಚೆಲ್ಲಿ ಪೊರಕೆಯಲ್ಲಿ ಓರೆಯಾಗಿ ಗುಡಿಸ್ರಿ, ಸಂದಿಗೆ ಇಳೀತದೆ. ಒಂದು ವಾರಕ್ಕೆ ಮತ್ತೆ ಕೆಳಗೆ ಹೋಗಿರ್ತದೆ, ಇನ್ನೊಂದ್ಸಲ ಗುಡಿಸ್ರಿ, ತಿಂಗಳು ಬಿಟ್ಟು ಇನ್ನೊಂದ್ಸಲ. ಮರಳು ಹಸಿ ಇದ್ರೆ ಸಂದಿನ ಬಾಯಲ್ಲೇ ನಿಲ್ತದೆ, ಬಿಸಿಲಿಗೆ ಹರಡಿ ಒಣಗಿಸಿ ಹಾಕ್ರಿ.

ಇಷ್ಟೆಲ್ಲಾ ಮಾಡಿದ್ರೂ ಐದಾರು ವರ್ಷಕ್ಕೆ ಅಲ್ಲೊಂದು ಇಲ್ಲೊಂದು ಇಟ್ಟಿಗೆ ಮಿಸುಕ್ತದೆ, 6 ಇಂಚು ಗರಸು ಎರೆ ನೆಲವನ್ನ ಪೂರ್ತಿ ಸುಮ್ಮನೆ ಕೂರಿಸಲ್ಲ. ಆಗ ಆ ನಾಲ್ಕು ಇಟ್ಟಿಗೆ ಎತ್ತಿ ಒಂದು ಹಿಡಿ ಮರಳು ಹಾಕಿ ಕೂರಿಸೋಕೆ ಗೌಂಡಿ ಬೇಡ, ನಿಮ್ಮ ಮನೆಯವರೇ ಭಾನುವಾರ ಮಾಡ್ತಾರೆ. ಅತ್ತೆಯವರಿಗೆ ಈ ರಿಪೇರಿ ಮುಗಿಯೋವರೆಗೆ ತುಳಸಿ ಕಟ್ಟೆಗೆ ಬೇರೆ ಕಡೆಯಿಂದ ಹೋಗೋಕೆ ಹೇಳ್ರಿ.

ಪ್ರಶ್ನೆ (ಚಿತ್ರದುರ್ಗ): ನಮ್ಮದು ಕೋಟೆ ಕಡೆ ಇಳಿಜಾರಿನ ಜಾಗ, ನೆಲ ಕೆಂಪು, ಒಂದಡಿ ತೋಡಿದ್ರೆ ಬಂಡೆ. ಎರೆ ಮಣ್ಣಿನ ತಾಪತ್ರಯ ಇಲ್ಲ, ಆದ್ರೂ ಪ್ರತಿ ದೊಡ್ಡ ಮಳೆಗೆ ಇಟ್ಟಿಗೆ ಕೆಳಗಿನ ಉಸುಕು ತೊಳ್ಕೊಂಡು ಹೋಗಿ ರೋಡಿಗೆ ಬಿದ್ದಿರ್ತದೆ, ಇಟ್ಟಿಗೆಗಳು ಮುದುಕರ ಹಲ್ಲು ಅಲ್ಲಾಡಿದಂಗೆ ಅಲ್ಲಾಡ್ತವೆ. ಮೂರು ಸಲ ಉಸುಕು ತುಂಬಿಸಿದೆ.

ಉತ್ತರ: ನಾಲ್ಕನೇ ಸಲ ತುಂಬಿಸಬೇಡಿ. ನಿಮ್ಮದು ದಾವಣಗೆರೆಯವರ ಉಲ್ಟಾ ಕೇಸು, ಅವರಿಗೆ ನೀರು ನಿಲ್ಲೋದು ತೊಂದರೆ, ನಿಮಗೆ ನೀರು ಓಡೋದು. ಮೇಲಿಂದ ಬಂದ ನೀರು ಸಂದಿನಲ್ಲಿ ಇಳಿದು, ಕೆಳಗೆ ಬಂಡೆ ಇರೋದ್ರಿಂದ ಇನ್ನೂ ಕೆಳಗೆ ಹೋಗೋಕಾಗದೆ, ಇಟ್ಟಿಗೆ ಅಡಿಯಲ್ಲೇ ದಾರಿ ಮಾಡ್ಕೊಂಡು ಮರಳು ಹೊತ್ಕೊಂಡು ಹೋಗ್ತಿದೆ. ನೀವು ದುರ್ಗದವರು, ನಿಮಗೆ ನಾನು ಹೇಳಿಕೊಡಬೇಕಾ? ಕೋಟೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ, ಅದು ತುಂಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಹಂಗೇ ಕೆಳಗೆ ಕೆಳಗೆ ಇಳಿಯೋ ಹಾಗೆ ಮಾಡಿಟ್ಟಿದಾರೆ, ನೀರಿನ ಜೊತೆ ಜಗಳಕ್ಕೆ ಹೋಗಿಲ್ಲ, ಅದಕ್ಕೆ ನಿಲ್ಲೋ ಜಾಗ ಹೋಗೋ ಜಾಗ ಎರಡೂ ತೋರಿಸಿದಾರೆ.

ನಿಮ್ಮ ದಾರಿಗೂ ಅಷ್ಟೇ. ಮೊದ್ಲು ದಾರಿಯ ಮೇಲ್ತುದಿಯಲ್ಲಿ ಅಡ್ಡಕ್ಕೆ ಒಂದು ಸಣ್ಣ ಚರಂಡಿ ತೋಡಿ ಮೇಲಿನ ನೀರನ್ನ ಗಿಡದ ಕಡೆ ತಿರುಗಿಸಿ, ಅರ್ಧ ಕೆಲಸ ಅಲ್ಲಿಗೇ ಆಯ್ತು. ಆಮೇಲೆ ಐದಾರು ಅಡಿಗೊಂದು ಅಡ್ಡಗಲ್ಲು. ಉದ್ದನೆ ಕಲ್ಲನ್ನ ನಿಲ್ಲಿಸಿ ಹೂತು, ಅದರ ತಲೆ ಇಟ್ಟಿಗೆ ಮಟ್ಟಕ್ಕೆ ಸರಿಯಾಗಿ ಬರೋ ಹಾಗೆ, ಬುಡ ಬಂಡೆ ಮೇಲೆ ಕೂರೋ ಹಾಗೆ. ಕಲ್ಲಿಗೆ ನಿಮ್ಮೂರಲ್ಲಿ ಬರ ಇಲ್ಲ. ಆ ಅಡ್ಡಗಲ್ಲು ಹಾಸನ್ನ ಖಾನೆ ಖಾನೆ ಮಾಡ್ತದೆ, ಒಂದು ಖಾನೆಯ ಮರಳು ಇನ್ನೊಂದಕ್ಕೆ ಹೋಗಲ್ಲ. ಹಾಸೋಕೆ ಸಣ್ಣ ಮರಳು ಬೇಡ, ದಪ್ಪ ಎಂ ಸ್ಯಾಂಡು, ಇಲ್ಲಾ 6 ಎಂಎಂ ಚಿಪ್ಸ್, ನೀರು ಅದರೊಳಗೆ ಹರಿದುಹೋದ್ರೂ ಕಲ್ಲು ಕೂತಲ್ಲೇ ಕೂತಿರ್ತದೆ. ಇಳಿಜಾರು 12 ಅಡಿಗೆ 1 ಅಡಿಗಿಂತ ಜಾಸ್ತಿ ಇದ್ರೆ ದಾರಿ ಆಸೆ ಬಿಟ್ಟು ಅಗಲ ಮೆಟ್ಟಿಲು ಮಾಡಿ, ನಡೆಯೋರ ಮಂಡಿಗೂ ಅದೇ ವಾಸಿ.

ಪ್ರಶ್ನೆ (ಹರಿಹರ): ಅಣ್ಣಾ, ನಮ್ಮ ದಾರಿ ಕುಸಿದಿಲ್ಲ, ಮಟ್ಟ ಎಲ್ಲಾ ಸರಿ ಐತೆ, ಆದ್ರೆ ಇಟ್ಟಿಗೆಗಳೇ ಮೇಲಿಂದ ಪದರ ಪದರ ಎದ್ದು ಪುಡಿ ಆಗ್ತಿದಾವೆ, ಕೆಲವದ್ರ ಮೇಲೆ ಬೆಳ್ಳಗೆ ಉಪ್ಪಿನ ಥರ ಬರ್ತದೆ. ಬಾತ್‌ರೂಮ್ ಆ್ಯಸಿಡ್ ಹಾಕಿ ತೊಳೆದೆ, ಬೆಳ್ಳಗಿದ್ದಿದ್ದು ಹೋಯ್ತು ಆದ್ರೆ ಪುಡಿ ಜಾಸ್ತಿ ಆಯ್ತು.

ಉತ್ತರ: ಆ್ಯಸಿಡ್ ನಿಲ್ಲಿಸಪ್ಪ ಮೊದ್ಲು. ಅದು ಉಪ್ಪನ್ನ ತಿನ್ನೋ ಜೊತೆ ಇಟ್ಟಿಗೆನೂ ಸಡಿಲ ಮಾಡ್ತದೆ, ತಾನೂ ಒಳಗೆ ಒಂದಷ್ಟು ಉಪ್ಪು ಬಿಟ್ಟು ಹೋಗ್ತದೆ. ಬೆಳ್ಳಗೆ ಬಂದಿರೋದನ್ನ ಒಣಗಿದ ದಿನ ಗಟ್ಟಿ ಬ್ರಶ್ಶಲ್ಲಿ ಉಜ್ಜಿ, ಮೊರದಲ್ಲಿ ಎತ್ತಿ ಆಚೆ ಹಾಕು. ನೀರು ಹಾಕಿ ತೊಳೆದ್ರೆ ಕರಗಿ ಮತ್ತೆ ಒಳಗೇ ಹೋಗ್ತದೆ, ಒಣಗಿದಾಗ ಮತ್ತೆ ಈಚೆಗೆ. ಆ ಇಟ್ಟಿಗೆಗೆ ದಿನಾ ಬೋರ್‌ವೆಲ್ ನೀರು ಬೀಳ್ತಿದ್ರೆ ಅದರಲ್ಲಿರೋ ಉಪ್ಪೂ ಸೇರ್ತಿರಬಹುದು.

ಪುಡಿ ಆಗೋದಕ್ಕೆ ಉಪ್ಪು, ಆ್ಯಸಿಡ್ ಜೊತೆ ಇನ್ನೊಂದು ದೊಡ್ಡ ಕಾರಣ, ಇಟ್ಟಿಗೆ ಸರಿಯಾಗಿ ಬೆಂದಿರಲ್ಲ. ದಾವಣಗೆರೆ ಕಡೆ ಭಟ್ಟಿ ಅಂದ್ರೆ ಮೊದ್ಲು ನೆನಪಾಗೋದು ಮಂಡಕ್ಕಿ ಭಟ್ಟಿ, ಅಲ್ಲಿ ಉಸುಕು ಸರಿಯಾಗಿ ಕಾಯ್ಲಿಲ್ಲ ಅಂದ್ರೆ ಮಂಡಕ್ಕಿ ಅರಳಲ್ಲ, ತಿನ್ನೋ ಮುಂಚೆನೇ ಗೊತ್ತಾಗ್ತದೆ. ಇಟ್ಟಿಗೆ ಭಟ್ಟಿಲಿ ಹಂಗಲ್ಲ, ಒಳಗಿನವು ಚೆನ್ನಾಗಿ ಬೆಂದು ಹೊರಗಿನ ಸಾಲಿನವು ಅರೆಬೆಂದಿರ್ತವೆ, ಎಲ್ಲಾ ಒಂದೇ ಲೋಡಲ್ಲಿ ಬರ್ತವೆ. ಗೋಡೆಗೆ ಹಾಕಿ ಪ್ಲಾಸ್ಟರ್ ಮಾಡಿದ್ರೆ ಅರೆಬೆಂದಿದ್ದೂ ಹೆಂಗೋ ಬದುಕ್ತದೆ, ನೆಲದ ಮೇಲೆ ಮಳೆ ಬಿಸಿಲು ಕಾಲ್ತುಳಿತಕ್ಕೆ ಉಳಿಯಲ್ಲ.

ಹಂಗಂತ ಎಲ್ಲಾ ಕಿತ್ತು ಎಸೀಬೇಡ. ಒಂದೊಂದೇ ಎತ್ತಿ ತಿರುಗಿಸಿ ನೋಡು, ಬಹಳಷ್ಟರ ಕೆಳಮುಖ ಹೊಸದರ ಥರ ಇರ್ತದೆ. ಅದನ್ನೇ ಮೇಲೆ ಮಾಡಿ ಕೂರಿಸು, ಇನ್ನೂ ಕೆಲವು ವರ್ಷ ತಳ್ಳಬಹುದು. ಪೂರ್ತಿ ಹೋಗಿರೋ ಜಾಗಕ್ಕೆ ಮಾತ್ರ ಹೊಸದು ತಗೋ, ತಗೊಳ್ಳೋವಾಗ ಎರಡು ಇಟ್ಟಿಗೆ ಒಂದಕ್ಕೊಂದು ತಾಗಿಸು, ಟಣ್ ಅನ್ನಬೇಕು, ದಬ್ ಅಂದ್ರೆ ವಾಪಸ್ ಇಡು. ಉಗುರಲ್ಲಿ ಗೀರಿದ್ರೆ ಗೆರೆ ಬೀಳಬಾರ್ದು, ಸೊಂಟದೆತ್ತರದಿಂದ ಬಿಟ್ರೆ ಒಡೀಬಾರ್ದು. ಮನೆಗೆ ಎರಡು ಸ್ಯಾಂಪಲ್ ತಂದು ತೂಕ ಮಾಡಿ 24 ಗಂಟೆ ಬಕೆಟ್ ನೀರಲ್ಲಿ ಮುಳುಗಿಸಿ ಮತ್ತೆ ತೂಕ ಮಾಡು. ಇಟ್ಟಿಗೆಗೆ ಇರೋ ಭಾರತೀಯ ಮಾನದಂಡ ಐಎಸ್ 1077 ಪ್ರಕಾರ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇ. 20ರ ತನಕ ನೀರು ಕುಡಿಬಹುದು, ಇನ್ನೂ ಗಟ್ಟಿ ಕ್ಲಾಸಿನವು ಶೇ. 15. ದಾರಿಗೆ 15ರ ಒಳಗಿನದ್ದೇ ನೋಡು, ಅಂದ್ರೆ 3 ಕೆಜಿ ಇಟ್ಟಿಗೆ ನೆನೆದ ಮೇಲೆ 3 ಕೆಜಿ 450 ಗ್ರಾಂ ದಾಟಬಾರ್ದು. ಅಂಗಡಿಯವನು ನಕ್ರೆ ನಗ್ಲಿ ಬಿಡು.

ಹಳೇ ಮನೆ ಕೆಡವೋ ಜಾಗದಿಂದ ಇಟ್ಟಿಗೆ ತರೋದಾದ್ರೂ ಇದೇ ಪರೀಕ್ಷೆ. ಸುಣ್ಣದ ಗಾರೆಯಲ್ಲಿ ಕಟ್ಟಿದ್ದು ತಟ್ಟಿದ್ರೆ ಬಿಡ್ತದೆ, ಸಿಮೆಂಟಲ್ಲಿ ಕಟ್ಟಿದ್ದನ್ನ ಫ್ರೀ ಕೊಟ್ರೂ ತರಬೇಡ, ಕೆರೆದು ಕೆರೆದು ಕೈ ಬಿದ್ದೋಗ್ತದೆ.

ಪ್ರಶ್ನೆ (ಹೊಸದುರ್ಗ): ಗುಲ್‌ಮೊಹರ್ ಮರದ ಬೇರು ದಾರಿ ಕೆಳಗೆ ಬಂದು ಇಟ್ಟಿಗೆ 3 ಇಂಚು ಎತ್ತಿದೆ. ಬೇರು ಕಡಿಸ್ಲಾ, ಮರನೇ ಕಡಿಸ್ಲಾ?

ಉತ್ತರ: ಎರಡೂ ಬೇಡ. ಗುಲ್‌ಮೊಹರ್ ಬೇರು ಮೇಲ್ಮೇಲೇ ಹರಡೋದು, ಬುಡದ ಹತ್ರ ಮಣಿಕಟ್ಟಿಗಿಂತ ದಪ್ಪ ಇರೋ ಬೇರನ್ನ ಒಂದು ಕಡೆ ಕಡಿದ್ರೆ ನಾಳೆ ಗಾಳಿಗೆ ಮರ ಇನ್ನೊಂದು ಕಡೆ ವಾಲ್ತದೆ, ನಿಮ್ಮನೆ ಕಡೆನೋ ಪಕ್ಕದವರ ಕಾರಿನ ಕಡೆನೋ. ಬೆರಳು ದಪ್ಪದವು ಇದ್ರೆ ಗರಗಸದಲ್ಲಿ ನೀಟಾಗಿ ಕೊಯ್ಸಬಹುದು. ದೊಡ್ಡ ಬೇರಿದ್ರೆ ದಾರಿಯೇ ಸೋಲಬೇಕು, ಆ ಜಾಗದಲ್ಲಿ ಬಳಸಿ ಹೋಗೋ ಹಾಗೆ ತಿರುವು ಕೊಡಿ. ಜಾಗ ಇಲ್ಲಾಂದ್ರೆ ಬೇರಿನ ಎರಡೂ ಕಡೆ ಮೂರು ಮೂರು ಅಡಿ ಉದ್ದ ಇಟ್ಟಿಗೆ ಎತ್ತಿ ತಳ ಏರಿಸ್ತಾ ಬಂದು ಆ 3 ಇಂಚನ್ನ ನಿಧಾನ ಏರು ಮಾಡಿಬಿಡಿ, ಕಾಲಿಗೆ ಗೊತ್ತೇ ಆಗಲ್ಲ. ಬೇರಿನ ಮೇಲೆ ಸೀದಾ ಇಟ್ಟಿಗೆ ಕೂರಿಸಬೇಡಿ, ಮಧ್ಯೆ ಎರಡಿಂಚು ಸಣ್ಣ ಜಲ್ಲಿ ಇರ್ಲಿ. ಕೆಲವು ವರ್ಷಕ್ಕೆ ಮತ್ತೆ ಎತ್ತುತ್ತೆ, ಮತ್ತೆ ಮಾಡಿಸಿ.

ಪ್ರಶ್ನೆ (ದಾವಣಗೆರೆ): ಸಂದಿಯಲ್ಲಿ ಜೇಕು, ಗರಿಕೆ, ನೆರಳಿರೋ ಕಡೆ ಪಾಚಿ. ಇಟ್ಟಿಗೆ ಎತ್ತಿ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ್ರೆ ಕಳೆ ಬರಲ್ಲ ಅಂತಾರೆ, ಹೌದಾ?

ಉತ್ತರ: ಹಾಸಬೇಡಿ, ನೀರು ಕೆಳಗೆ ಇಳೀದೆ ಇಟ್ಟಿಗೆ ವರ್ಷಪೂರ್ತಿ ಒದ್ದೆ ಇರ್ತವೆ, ಪಾಚಿ ಇನ್ನೂ ಜಾಸ್ತಿ. ಮತ್ತೆ ಜೇಕಿನ ಮೊಳಕೆ ಸೂಜಿ ಥರ, ಪ್ಲಾಸ್ಟಿಕ್ಕನ್ನೂ ತೂರಿ ಬರ್ತದೆ. ಅದರ ಗಡ್ಡೆ ಕೆಳಗಿರ್ತದಲ್ಲ, ಇಟ್ಟಿಗೆ ಎತ್ತಿದ ದಿನವೇ ಕೂತು ಗಡ್ಡೆ ಆರಿಸಿ ತೆಗೀಬೇಕು, ಮೇಲಿಂದ ಕಿತ್ರೆ ಹುಲ್ಲು ಕೈಗೆ ಗಡ್ಡೆ ನೆಲಕ್ಕೆ. ಗರಿಕೆ ಪಕ್ಕದ ಪಾತಿಯಿಂದ ಬಳ್ಳಿ ಥರ ಹಬ್ಬಿ ಬರೋದು, ಅಂಚು ಗಟ್ಟಿ ಇದ್ರೆ ಅರ್ಧ ಕಡಿಮೆ. ಉಳಿದ ಸಣ್ಣ ಕಳೆ ಬೀಜ ಮೇಲಿಂದ ಬೀಳೋದು, ಸಂದು ಮರಳಿಂದ ತುಂಬಿದ್ರೆ ಬೇರು ಬಿಡೋಕೆ ಮಣ್ಣು ಸಿಗಲ್ಲ, ಬಂದಿದ್ದಕ್ಕೆ ಕುದಿಯೋ ನೀರು ಹುಯ್ಯಿರಿ. ಉಪ್ಪು ಮಾತ್ರ ಹಾಕಬೇಡಿ, ಮೇಲೆ ಹರಿಹರದವರ ಕಥೆ ಓದಿದ್ರಲ್ಲ. ಪಾಚಿಗೆ ಗಟ್ಟಿ ಪೊರಕೆ, ಮತ್ತೆ ಮೇಲಿನ ಕೊಂಬೆ ಸ್ವಲ್ಪ ಸವರಿ ಬಿಸಿಲು ಬೀಳೋ ಹಾಗೆ ಮಾಡಿದ್ರೆ ತಾನೇ ಹೋಗ್ತದೆ.

ಪ್ರಶ್ನೆ (ಚಿತ್ರದುರ್ಗ): ಹೋದ ವರ್ಷ ಗರಸು, ಮರಳು ಎಲ್ಲಾ ನೀವು ಇಲ್ಲೇ ಹೇಳಿದ ಹಾಗೇ ಹಾಕಿಸಿದ್ದು. ಮಗ ದಿನಾ ಸ್ಕೂಟಿ ಅದರ ಮೇಲೆ ಹತ್ತಿಸಿ ವರಾಂಡದ ಹತ್ರ ನಿಲ್ಲಿಸ್ತಾನೆ. ಚಕ್ರ ಹೋಗೋ ಸಾಲು ಗಾಡಿ ಜಾಡಿನ ಥರ ತಗ್ಗಾಗಿದೆ, ನಿಲ್ಲಿಸೋ ಕಡೆ ಎರಡು ಇಟ್ಟಿಗೆ ಒಡೆದೇ ಹೋಗಿವೆ. ನಿಮ್ಮ ಸಲಹೆ ಫೇಲ್ ಅಲ್ವಾ?

ಉತ್ತರ: ಅರ್ಧ ನನ್ನ ತಪ್ಪು ಒಪ್ಕೊಳ್ತೀನಿ, ಆವಾಗ ನಡೆಯೋ ದಾರಿ ಅಂತಷ್ಟೇ ಯೋಚಿಸಿ ಬರೆದೆ, ಗಾಡಿ ಮಾತು ಎತ್ತಲಿಲ್ಲ. ಇನ್ನರ್ಧ ನಿಮ್ಮ ಮಗನದ್ದು.

ಗಾಡಿ ಹೋಗೋ ದಾರಿಗೆ ಇಟ್ಟಿಗೆ ಮಲಗಿಸಬಾರ್ದು, ನಿಲ್ಲಿಸಬೇಕು, ಅಂದ್ರೆ 3 ಇಂಚಿನ ಕಿರಿದಾದ ಮುಖ ಮೇಲೆ ಬರೋ ಹಾಗೆ. ಆಗ ದಪ್ಪ 3 ಇಂಚಿನ ಬದಲು ನಾಲ್ಕು ಚಿಲ್ಲರೆ ಇಂಚು ಸಿಗ್ತದೆ, ಬಗ್ಗಿ ಮುರಿಯಲ್ಲ. ಒಂದು ಚದರ ಅಡಿಗೆ ಮಲಗಿಸಿದ್ರೆ ಮೂರೂವರೆ ಹಿಡಿಯೋದು ನಿಲ್ಲಿಸಿದ್ರೆ ಐದೂಕಾಲು ಹಿಡೀತವೆ, ಅಷ್ಟು ಜಾಸ್ತಿ ತರಿಸಬೇಕು, ತಳಾನೂ ಒಂದೂವರೆ ಇಂಚು ಇನ್ನೂ ಕೆಳಗೆ ತೋಡಬೇಕು. ಸಾಲು ಹಾಕೋವಾಗ ನೇರ ಸಾಲು ಬೇಡ, ಒಂದು ಅಡ್ಡ ಒಂದು ಉದ್ದ ಮೀನಿನ ಮುಳ್ಳಿನ ಥರ ಹೆಣೆದು ಬರ್ಲಿ. ನೇರ ಸಾಲಲ್ಲಿ ಚಕ್ರದ ಭಾರ ಒಂದೇ ಗೆರೆ ಮೇಲೆ ಹೋಗ್ತದೆ, ಹೆಣೆದಿದ್ರೆ ಪಕ್ಕದವೂ ಹೊತ್ಕೊಳ್ತವೆ. ಇಡೀ ದಾರಿನೂ ಕೀಳೋದು ಬೇಡ, ಸ್ಕೂಟಿ ಹತ್ತೋ ಗೇಟಿನ ಹತ್ರ, ತಿರುಗಿಸೋ ಜಾಗ, ನಿಲ್ಲಿಸೋ ಜಾಗ, ಇಷ್ಟು ಮೊದ್ಲು ಮಾಡಿಸಿ, ಜಾಡಿನ ತಗ್ಗಿಗೆ ಇಟ್ಟಿಗೆ ಎತ್ತಿ ಗರಸಿಗೆ ಇನ್ನೊಂದು ಸಲ ದಿಮ್ಮಸು ಹೊಡೆಸಿ ಕೂರಿಸಿದ್ರೆ ಸಾಕು.

ಆ ಒಡೆದ ಎರಡು ಇಟ್ಟಿಗೆ ಇದೆಯಲ್ಲ, ಅದು ಸೈಡ್ ಸ್ಟ್ಯಾಂಡ್ ಕೆಲಸ. ಗಾಡಿ ಭಾರದಲ್ಲಿ ಒಂದು ಪಾಲು ಎರಡು ಬೆರಳಗಲದ ಕಬ್ಬಿಣದ ಮೇಲೆ ಬಂದು ಕೂರ್ತದೆ, ಯಾವ ಇಟ್ಟಿಗೆನೂ ತಡೆಯಲ್ಲ. ಸ್ಟ್ಯಾಂಡ್ ಬೀಳೋ ಜಾಗಕ್ಕೆ ಒಂದಡಿ ಚದರದ ಚಪ್ಪಡಿ ಕಲ್ಲು ಇಟ್ಟಿಗೆ ಮಟ್ಟಕ್ಕೆ ಹೂಳಿಸಿ. ಮಗ ದಿನಾ ಅದೇ ಜಾಗದಲ್ಲಿ ನಿಲ್ಲಿಸ್ತಾನಾ ಅನ್ನೋದು ನೀವು ನೋಡ್ಕೋಬೇಕು. ಅನುಮಾನ ಇದ್ರೆ ಎರಡು ಕಲ್ಲು ಹಾಕಿಸಿ.